500 ಪಟ್ಟು ಲೆವರೇಜ್ ಕೊಡುವವರಿಗೆ ಹೆದರಿಕೆ ಯಾಕಿಲ್ಲ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು. ಮನೆಯಲ್ಲೇ ಕೂತು ಅಮೆರಿಕದ ಕಂಪನಿಯೊಂದಕ್ಕೆ ವೆಬ್‌ಸೈಟ್ ಕೆಲಸ ಮಾಡಿಕೊಡುತ್ತೇನೆ. ತಿಂಗಳಿಗೆ ಸುಮಾರು 2,000 ಡಾಲರ್ ಬರುತ್ತದೆ. ಕುಮಟಾದ ಗೆಳೆಯನೊಬ್ಬ ಟೆಲಿಗ್ರಾಂ ಗುಂಪಿಗೆ ಸೇರಿಸಿದ. ಅಲ್ಲಿ ಹೇಳಿದ ಫಾರೆಕ್ಸ್ (ವಿದೇಶಿ ಕರೆನ್ಸಿ ವ್ಯಾಪಾರದ) ಆ್ಯಪ್ ಹಾಕಿಕೊಂಡೆ. ಅದರಲ್ಲಿ 500 ಪಟ್ಟು ಲೆವರೇಜ್ ಸಿಗುತ್ತದೆ, ಅಂದರೆ ಹಾಕಿದ ದುಡ್ಡಿನ 500 ಪಟ್ಟು ವ್ಯವಹಾರ ಮಾಡಬಹುದು. ಮೊದಲ ಸಲ ಹಾಕಿದ ದುಡ್ಡಿಗೆ ಅಷ್ಟೇ ಬೋನಸ್ಸೂ ಇದೆ. ಆದರೆ ಅಮೆರಿಕದಲ್ಲಿ 50, ಯುರೋಪಿನಲ್ಲಿ 30, ಜಪಾನಿನಲ್ಲಿ 25 ಪಟ್ಟು ಮಾತ್ರ ಅಂತ ಓದಿದೆ. ದುಡ್ಡು ನನ್ನದು, ಹೋದರೂ ನನ್ನದೇ. ಸರ್ಕಾರಗಳಿಗೆ ಇದರಲ್ಲಿ ಏನು ಕೆಲಸ? 500 ಸಿಕ್ಕರೂ ನಾನು ಕಡಿಮೆ ಬಳಸಿದರೆ ಆಯ್ತಲ್ಲ? ಭಾರತದಲ್ಲಿ ಮಿತಿ ಎಷ್ಟು? ದುಬೈನಲ್ಲಿರುವ ಭಾವನ ಹೆಸರಲ್ಲಿ ಖಾತೆ ತೆರೆದರೆ ನಡೆಯುತ್ತದಾ? ಈಗಾಗಲೇ 40 ಸಾವಿರ ಹಾಕಿದ್ದೇನೆ.

ಉತ್ತರ: ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ 40 ಸಾವಿರವನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಮಿತಿ ಯಾಕೆ ಬೇಕು ಅನ್ನುವ ವಾದ ಎಲ್ಲಾ ಆ ಲೆಕ್ಕದಲ್ಲೇ ಇದೆ.

ಸುಲಭಕ್ಕೆ 40 ಸಾವಿರ ರೂಪಾಯಿ ಅಂದರೆ 440 ಡಾಲರ್ ಅಂತ ಇಟ್ಟುಕೊಳ್ಳಿ. ಒಂದು ಯೂರೋಗೆ 1.1000 ಡಾಲರ್ ದರ ಇದೆ ಅಂದುಕೊಳ್ಳಿ. 500 ಪಟ್ಟು ಅಂದರೆ ನೀವು 2 ಲಕ್ಷದ 20 ಸಾವಿರ ಡಾಲರ್ ವ್ಯವಹಾರ ಹಿಡಿಯಬಹುದು. ಅದು 2 ಲಕ್ಷ ಯೂರೋ, ಆ್ಯಪ್‌ನ ಭಾಷೆಯಲ್ಲಿ 2 ಲಾಟ್. ರೂಪಾಯಿಯಲ್ಲಿ ಹೇಳುವುದಾದರೆ 40 ಸಾವಿರ ಇಟ್ಟು 2 ಕೋಟಿಯ ವ್ಯವಹಾರ. ಇಲ್ಲಿ ದರದ ನಾಲ್ಕನೇ ದಶಾಂಶ ಒಂದು ಅಂಕಿ ಆಚೀಚೆ ಆದರೆ, ಅಂದರೆ ಒಂದು ಪಿಪ್ ಸರಿದರೆ, ನಿಮಗೆ 20 ಡಾಲರ್ ಲಾಭ ಅಥವಾ ನಷ್ಟ.

ಈಗ ಖರೀದಿಯ ಬಟನ್ ಒತ್ತಿ. ಒತ್ತಿದ ಕ್ಷಣವೇ ನೀವು ನಷ್ಟದಲ್ಲಿ ಇರುತ್ತೀರಿ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವೆ ಇರುವ ಸ್ಪ್ರೆಡ್ ಒಂದು ಪಿಪ್ ಅಂತಲೇ ಹಿಡಿಯೋಣ. 20 ಡಾಲರ್ ಹೋಯಿತು. ನಿಮ್ಮ ಬಂಡವಾಳದ ನಾಲ್ಕೂವರೆ ಪರ್ಸೆಂಟ್, ಇನ್ನೂ ಏನೂ ನಡೆಯುವ ಮೊದಲೇ. ಆಮೇಲೆ ಸ್ಟಾಪ್ ಔಟ್ ಅಂತ ಒಂದಿದೆ. ಖಾತೆಯಲ್ಲಿ ಉಳಿದ ಹಣ ಮಾರ್ಜಿನ್‌ನ, ಅಂದರೆ ವ್ಯವಹಾರಕ್ಕೆ ಒತ್ತೆಯಾಗಿ ಇಟ್ಟ ಹಣದ, ಅರ್ಧಕ್ಕೆ ಇಳಿದರೆ ಬಹಳಷ್ಟು ಕಡೆ ವ್ಯವಹಾರವನ್ನು ತಾನಾಗಿ ಮುಚ್ಚುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು 220 ಡಾಲರ್ ನಷ್ಟ, ಒಟ್ಟು 11 ಪಿಪ್. ಸ್ಪ್ರೆಡ್‌ಗೆ ಒಂದು ಹೋಯಿತು, ಉಳಿದದ್ದು 10. ಯೂರೋ 1.1000ದಿಂದ 1.0990ಕ್ಕೆ ಬಂದರೆ ಮುಗಿಯಿತು. ಯೂರೋ-ಡಾಲರ್ ಜೋಡಿ ಹತ್ತು ಪಿಪ್ ಅಲ್ಲಾಡಲು ಯುದ್ಧ ಬೇಕಾಗಿಲ್ಲ, ಬಡ್ಡಿ ದರದ ಸುದ್ದಿಯೂ ಬೇಕಾಗಿಲ್ಲ. ಸುಮ್ನೆ ಒಂದು ಮಧ್ಯಾಹ್ನ ಸಾಕು. ನಿಮ್ಮ ಅಂದಾಜು ಸರಿಯೇ ಇರಬಹುದು, ಸಂಜೆ ಹೊತ್ತಿಗೆ ಯೂರೋ 50 ಪಿಪ್ ಮೇಲೆ ಇರಬಹುದು. ಆದರೆ ಅಷ್ಟರೊಳಗೆ ನೀವು ಆಟದಲ್ಲಿ ಇರುವುದಿಲ್ಲ.

ಇದೇ 440 ಡಾಲರ್ ಯುರೋಪಿನ 30 ಪಟ್ಟಿನ ಮಿತಿಯಲ್ಲಿ ಇದ್ದರೆ? 12 ಸಾವಿರ ಯೂರೋ ಹಿಡಿಯಬಹುದು. ಪಿಪ್‌ಗೆ 1.20 ಡಾಲರ್. ಸ್ಪ್ರೆಡ್‌ನ ಖರ್ಚು ಬಂಡವಾಳದ ಕಾಲು ಪರ್ಸೆಂಟ್ ಆಸುಪಾಸು. ಸ್ಟಾಪ್ ಔಟ್ ಆಗಲು 180 ಪಿಪ್‌ಗಿಂತ ಜಾಸ್ತಿ ಉಲ್ಟಾ ಹೋಗಬೇಕು. ಅಮೆರಿಕದ 50ರಲ್ಲಿ 110 ಪಿಪ್. ನಷ್ಟ ಆಗುವುದಿಲ್ಲ ಅಂತಲ್ಲ, ಧಾರಾಳವಾಗಿ ಆಗುತ್ತದೆ. ಆದರೆ ನೀವು ಯೋಚನೆ ಮಾಡಿ ಹಿಡಿದ ದಿಕ್ಕು ಸರಿಯೋ ತಪ್ಪೋ ಅಂತ ತಿಳಿಯುವಷ್ಟು ಹೊತ್ತು ಖಾತೆ ಉಳಿಯುತ್ತದೆ.

ಲೆವರೇಜ್ ಅಂದರೆ ಲಾಭವೂ ಹೆಚ್ಚು ನಷ್ಟವೂ ಹೆಚ್ಚು ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಲಾಭ-ನಷ್ಟದ ಜೊತೆಗೆ ಖರ್ಚೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಲಾಭ ಆಗಬಹುದು, ಆಗದೆ ಇರಬಹುದು. ಖರ್ಚು ಆಗಿಯೇ ಆಗುತ್ತದೆ. ದಿನಕ್ಕೆ ಹತ್ತು ಸಲ 2 ಲಾಟ್ ಆಡಿದರೆ ಸ್ಪ್ರೆಡ್‌ಗೇ 200 ಡಾಲರ್ ಬೇಕು. ನಿಮ್ಮ ಬಂಡವಾಳ ಇರುವುದೇ 440.

ಆ ಖರ್ಚು ಯಾರ ಜೇಬಿಗೆ ಹೋಗುತ್ತದೆ? ಇಲ್ಲಿಂದಲೇ ಮಿತಿಯ ಕತೆ ಶುರು.

ಶಿರಸಿ ಸೀಮೆಯವರಿಗೆ ಅಡಿಕೆ ಅಡವಿಟ್ಟು ಸಂಘದಲ್ಲಿ ಸಾಲ ತೆಗೆಯುವುದು ಗೊತ್ತೇ ಇದೆ. ನೂರು ರೂಪಾಯಿಯ ಮಾಲಿಗೆ ನೂರು ರೂಪಾಯಿ ಸಾಲ ಯಾರೂ ಕೊಡುವುದಿಲ್ಲ, ಕಡಿಮೆಯೇ ಕೊಡುತ್ತಾರೆ. ನಾಳೆ ಟೆಂಡರಿನಲ್ಲಿ ದರ ಬಿದ್ದರೆ ಸಂಘದ ದುಡ್ಡು ಮುಳುಗಬಾರದಲ್ಲ. ಸಾಲ ಕೊಡುವವನಿಗೆ ಹೆದರಿಕೆ ಇರುತ್ತದೆ, ಅದಕ್ಕೇ ಮಾರ್ಜಿನ್ ಇಟ್ಟುಕೊಳ್ಳುತ್ತಾನೆ. ಹಾಗಿದ್ದರೆ ನಿಮ್ಮ ಮುಖ ನೋಡದ, ಊರು ಗೊತ್ತಿಲ್ಲದ ಒಂದು ಆ್ಯಪ್ 40 ಸಾವಿರಕ್ಕೆ 2 ಕೋಟಿ ಕೊಡಲು ಯಾಕೆ ಹೆದರುವುದಿಲ್ಲ?

ಯಾಕೆಂದರೆ ಅದು ನಿಮಗೆ ಏನನ್ನೂ ಕೊಡುತ್ತಿಲ್ಲ. 2 ಲಕ್ಷ ಯೂರೋ ಯಾರೂ ಎಲ್ಲೂ ಕೊಂಡಿಲ್ಲ. ನೀವು ಬಟನ್ ಒತ್ತಿದಾಗ ಅವರ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಾರೆ ಅಷ್ಟೇ. ಬಹಳಷ್ಟು ಚಿಲ್ಲರೆ ಫಾರೆಕ್ಸ್ ಬ್ರೋಕರ್‌ಗಳು ಸಣ್ಣ ಗಿರಾಕಿಯ ವ್ಯವಹಾರವನ್ನು ಹೊರಗಿನ ಮಾರುಕಟ್ಟೆಗೆ ಕಳಿಸುವುದೇ ಇಲ್ಲ. ಎದುರು ಪಕ್ಷ ತಾವೇ ಆಗುತ್ತಾರೆ. ನಿಮ್ಮ ನಷ್ಟ ಅವರ ಲಾಭ. ನೀವು ಗೆದ್ದರೆ ಮಾತ್ರ ಅವರು ಕೈಯಿಂದ ಕೊಡಬೇಕು. ಸಣ್ಣ ಬಂಡವಾಳದವರನ್ನು 500 ಪಟ್ಟಿನಲ್ಲಿ ಆಡಿಸಿದರೆ ಹೆಚ್ಚಿನವರು ಬೇಗ ಖಾಲಿಯಾಗುತ್ತಾರೆ ಅನ್ನುವುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ನಿಮ್ಮ ಟೆಲಿಗ್ರಾಂ ಗುಂಪಿನ ಅಡ್ಮಿನ್‌ಗೂ ಸಾಮಾನ್ಯವಾಗಿ ಲಾಟ್ ಲೆಕ್ಕದಲ್ಲೇ ಕಮಿಷನ್. ನೀವು 0.12 ಲಾಟ್, ಅಂದರೆ 12 ಸಾವಿರ ಯೂರೋ, ಆಡುವುದಕ್ಕೂ 2 ಲಾಟ್ ಆಡುವುದಕ್ಕೂ ಅವರಿಗೆ ಎಷ್ಟು ವ್ಯತ್ಯಾಸ ಅಂತ ನೀವೇ ಲೆಕ್ಕ ಹಾಕಿ. ಬೋನಸ್ ಕೂಡ ಅದೇ ಜಾತಿಯದು. ಇಷ್ಟು ಲಾಟ್ ಆಡಿ ಮುಗಿಸುವವರೆಗೆ ಅದನ್ನು ಹಿಂತೆಗೆಯಲು ಬಿಡುವುದಿಲ್ಲ.

ಇನ್ನು ಮಿತಿಗಳ ಇತಿಹಾಸ. ಅಮೆರಿಕದಲ್ಲಿ ಚಿಲ್ಲರೆ ಫಾರೆಕ್ಸ್ ಮೇಲೆ ಗಟ್ಟಿ ಅಧಿಕಾರ ಸಿಕ್ಕಿದ್ದು 2008ರ ನಂತರ. 2010ರ ಜನವರಿಯಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ 10 ಪಟ್ಟಿನ ಮಿತಿ ಸಾಕು ಅಂತ ಕರಡು ಹೊರಡಿಸಿತು. ಗಲಾಟೆಯೋ ಗಲಾಟೆ. ಸಾವಿರಾರು ಪತ್ರಗಳು ಬಂದವು, ಹೆಚ್ಚಿನವು ವಿರೋಧದವು. ನಿಮ್ಮ ವಾದವೇ ಅವರದ್ದೂ ಆಗಿತ್ತು: ದುಡ್ಡು ನಮ್ಮದು, ನಿಮಗೇನು? ಇಲ್ಲಿ ಬಿಗಿ ಮಾಡಿದರೆ ಬೇರೆ ದೇಶದ ಬ್ರೋಕರ್ ಹತ್ತಿರ ಹೋಗುತ್ತೇವೆ ಅಂತಲೂ ಬರೆದರು. ಕೊನೆಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಜಾರಿಗೆ ಬಂದದ್ದು ಮುಖ್ಯ ಕರೆನ್ಸಿಗಳಿಗೆ 50 ಪಟ್ಟು, ಉಳಿದವಕ್ಕೆ 20. ಅದರ ಜೊತೆ ಇನ್ನೊಂದು ನಿಯಮವೂ ಬಂತು. ಅದನ್ನು ಬಹಳ ಜನ ಗಮನಿಸಿಲ್ಲ, ನನಗೆ ಮಾತ್ರ ಮಿತಿಗಿಂತ ಅದೇ ಹೆಚ್ಚು ಇಷ್ಟ. ತನ್ನ ಗಿರಾಕಿಗಳಲ್ಲಿ ಎಷ್ಟು ಪರ್ಸೆಂಟ್ ಖಾತೆಗಳು ಲಾಭದಲ್ಲಿವೆ ಅಂತ ಪ್ರತಿ ಬ್ರೋಕರ್ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಹೇಳಬೇಕು.

ಜಪಾನಿನಲ್ಲಿ ಮೊದಲು ನೂರಾರು ಪಟ್ಟು ಸಿಗುತ್ತಿತ್ತು. 2010ರ ಆಗಸ್ಟ್‌ನಲ್ಲಿ 50ಕ್ಕೆ ಇಳಿಸಿದರು, ಮರುವರ್ಷ 25ಕ್ಕೆ. ಯುರೋಪ್ ತಡವಾಗಿ ಎದ್ದಿತು. ಅಲ್ಲಿನ ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಎಸ್ಮಾ 2018ರ ಆಗಸ್ಟ್ 1ರಿಂದ ಮುಖ್ಯ ಜೋಡಿಗಳಿಗೆ 30, ಇತರ ಜೋಡಿಗಳಿಗೂ ಚಿನ್ನಕ್ಕೂ 20, ಕ್ರಿಪ್ಟೋಗೆ ಬರೀ 2 ಅಂತ ಇಟ್ಟಿತು. ಬೋನಸ್ ಕೊಡುವುದನ್ನು ಪೂರ್ತಿ ನಿಲ್ಲಿಸಿತು. ಇಂಥ ಉತ್ಪನ್ನಗಳಲ್ಲಿ ಚಿಲ್ಲರೆ ಖಾತೆಗಳ ಪೈಕಿ ಶೇಕಡಾ 74ರಿಂದ 89ರಷ್ಟು ನಷ್ಟದಲ್ಲಿವೆ ಅಂತ ಆಗ ಅದೇ ಹೇಳಿತ್ತು. ಆಸ್ಟ್ರೇಲಿಯಾ 2021ರ ಮಾರ್ಚ್‌ನಲ್ಲಿ ಅದೇ 30ಕ್ಕೆ ಬಂತು.

ಯುರೋಪಿನ ಈ ಬಿಗಿಯ ಹಿಂದೆ ಒಂದು ದಿನದ ನೆನಪೂ ಇದೆ: 2015ರ ಜನವರಿ 15. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಅಂತ ಸ್ವಿಟ್ಜರ್‌ಲ್ಯಾಂಡಿನ ಕೇಂದ್ರ ಬ್ಯಾಂಕ್ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯ್ದುಕೊಂಡು ಬಂದಿತ್ತು. ಜನ ಅದನ್ನು ಗೋಡೆ ಅಂತ ನಂಬಿ, ದೊಡ್ಡ ಲೆವರೇಜ್ ಹಾಕಿ, ಯೂರೋ ಕೊಂಡು ಕೂತಿದ್ದರು. ಆ ದಿನ ಬೆಳಿಗ್ಗೆ ಬ್ಯಾಂಕ್ ಯಾವ ಮುನ್ಸೂಚನೆಯೂ ಇಲ್ಲದೆ ಕೈಬಿಟ್ಟಿತು. ದರ ನಿಮಿಷಗಳಲ್ಲಿ 1ಕ್ಕಿಂತ ಕೆಳಗೆ ಹೋಯಿತು. ಇಷ್ಟಕ್ಕೆ ಇಳಿದರೆ ತಾನಾಗಿ ಮಾರು ಅಂತ ಮೊದಲೇ ಸ್ಟಾಪ್ ಲಾಸ್ ಇಟ್ಟವರಿಗೂ ಉಪಯೋಗ ಆಗಲಿಲ್ಲ. ನಡುವಿನ ದರಗಳಲ್ಲಿ ಕೊಳ್ಳುವವರೇ ಇರಲಿಲ್ಲ, ಸ್ಟಾಪ್ ಲಾಸ್ ಕೆಲಸ ಮಾಡಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲ! ಹಾಕಿದ ದುಡ್ಡು ಹೋಗಿ, ಮೇಲಿಂದ ಬಾಕಿಯೂ ಬಿತ್ತು. ನ್ಯೂಯಾರ್ಕಿನ ಎಫ್‌ಎಕ್ಸ್‌ಸಿಎಂ ಅನ್ನುವ ಬ್ರೋಕರ್ ಕಂಪನಿಯ ಗಿರಾಕಿಗಳ ಬಾಕಿಯೇ ಸುಮಾರು 22.5 ಕೋಟಿ ಡಾಲರ್. ಆ ಕಂಪನಿ 30 ಕೋಟಿ ಡಾಲರ್ ಸಾಲ ತಂದು ಬದುಕಿತು. ಆಲ್ಪಾರಿ ಅನ್ನುವ ಇನ್ನೊಂದು ಬ್ರೋಕರ್‌ನ ಬ್ರಿಟನ್ ಕಂಪನಿ ದಿವಾಳಿಯಾಯಿತು.

ಆದ್ದರಿಂದ "ಹೋದರೂ ನನ್ನದೇ" ಅನ್ನುವ ನಿಮ್ಮ ಮಾತು ಪೂರ್ತಿ ಸರಿಯಲ್ಲ. ನಿಮ್ಮದು ಹೋದ ಮೇಲೆ ಬ್ರೋಕರ್‌ನದು ಹೋಗುತ್ತದೆ, ಬ್ರೋಕರ್ ಮುಳುಗಿದರೆ ಅದೇ ಬ್ರೋಕರ್ ಹತ್ತಿರ ಸುಮ್ಮನೆ ದುಡ್ಡು ಇಟ್ಟುಕೊಂಡಿದ್ದ ಪಕ್ಕದವನೂ ಒದ್ದಾಡುತ್ತಾನೆ. ಎಸ್ಮಾ 2018ರಲ್ಲಿ, ಗಿರಾಕಿಯ ನಷ್ಟ ಅವನು ಖಾತೆಗೆ ಹಾಕಿದ ಹಣವನ್ನು ದಾಟುವಂತಿಲ್ಲ ಅಂತಲೂ ಸೇರಿಸಿದ್ದು ಇದಕ್ಕೇ.

ಈಗ ನಿಮ್ಮ ಗಟ್ಟಿ ವಾದಕ್ಕೆ ಬರೋಣ: 500 ಸಿಕ್ಕರೂ ಕಡಿಮೆ ಬಳಸಿದರೆ ಆಯ್ತಲ್ಲ? ಲೆಕ್ಕದ ಮಟ್ಟಿಗೆ ಇದು ನೂರಕ್ಕೆ ನೂರು ಸರಿ. ಲೆವರೇಜ್ ಎಷ್ಟು ಅಂತ ನಿರ್ಧರಿಸುವುದು ನೀವು ಹಿಡಿದ ಲಾಟ್, ಖಾತೆಯ ಮೇಲೆ ಬರೆದ 500 ಅಲ್ಲ. ಅತಿ ಚಿಕ್ಕ ಅಳತೆ 0.01 ಲಾಟ್, ಅಂದರೆ 1,000 ಯೂರೋ, ಹಿಡಿದರೆ ನಿಮ್ಮ ನಿಜವಾದ ಲೆವರೇಜ್ ಎರಡೂವರೆ ಪಟ್ಟು ಮಾತ್ರ. ಪಿಪ್‌ಗೆ 10 ಸೆಂಟ್. 100 ಪಿಪ್ ನಿಮ್ಮ ಕಡೆ ಬಂದರೆ 10 ಡಾಲರ್, ಸುಮಾರು 900 ರೂಪಾಯಿ. ಅದಕ್ಕೆ ಎರಡು ದಿನವೋ ವಾರವೋ ಕಾಯಬೇಕು. ಪ್ರಾಮಾಣಿಕವಾಗಿ ಹೇಳಿ, ಆ 900 ರೂಪಾಯಿಗಾಗಿ ನೀವು ಆ್ಯಪ್ ಹಾಕಿಕೊಂಡಿರಾ?

ಈ ವಾದವನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಹೈಮರ್ ಮತ್ತು ಸಿಮ್ಸೆಕ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ 2010ರ ಮಿತಿ ಬರುವ ಮೊದಲು ಮತ್ತು ಬಂದ ಮೇಲೆ ಏನಾಯಿತು ಅಂತ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಮಿತಿ ಬಂದ ಮೇಲೆ ವಹಿವಾಟು ಶೇಕಡಾ 23 ಇಳಿಯಿತು. ಹೆಚ್ಚು ಲೆವರೇಜ್ ಬಳಸುತ್ತಿದ್ದವರ ನಷ್ಟ ಶೇಕಡಾ 40 ಕಡಿಮೆಯಾಯಿತು. ಬ್ರೋಕರ್ ಕಂಪನಿಗಳ ಬಂಡವಾಳ ಶೇಕಡಾ 25 ಇಳಿಯಿತು. ಕೊಳ್ಳುವ-ಮಾರುವ ದರದ ಅಂತರ ಮಾತ್ರ ಇದರಿಂದ ಬದಲಾಗಲಿಲ್ಲ. ಅಂದರೆ ಮಾರುಕಟ್ಟೆಗೆ ಏನೂ ತೊಂದರೆ ಆಗಲಿಲ್ಲ, ಆಡುವವರ ಕೈಯಲ್ಲಿ ದುಡ್ಡು ಉಳಿಯಿತು, ಆಡಿಸುವವರಿಗೆ ಹೊಡೆತ ಬಿತ್ತು. "ಬೇಕಾದಷ್ಟೇ ಬಳಸುತ್ತೇವೆ" ಅನ್ನುವುದು ಎಲ್ಲರಿಗೂ ನಿಜವಾಗಿದ್ದರೆ ಮಿತಿಯಿಂದ ಯಾರ ನಷ್ಟವೂ ಕಡಿಮೆ ಆಗಬಾರದಿತ್ತು, ಅಲ್ವಾ?

ನಿಜವಾದ ಪರಿಣತರಿಗೆ ಇದರಿಂದ ಅನ್ಯಾಯ ಅಂತ ಒಂದು ಮಾತಿದೆ. ಅವರಿಗೆ ಯುರೋಪಿನಲ್ಲಿ ದಾರಿ ಇದೆ. 5 ಲಕ್ಷ ಯೂರೋ ಮೀರಿದ ಹೂಡಿಕೆ, ವರ್ಷವಿಡೀ ಪದೇ ಪದೇ ದೊಡ್ಡ ವ್ಯವಹಾರ ಮಾಡಿದ ದಾಖಲೆ, ಹಣಕಾಸು ಕ್ಷೇತ್ರದಲ್ಲಿ ಕೆಲಸ ಮಾಡಿದ ಅನುಭವ, ಈ ಮೂರರಲ್ಲಿ ಎರಡನ್ನು ತೋರಿಸಿದವರು ಮಿತಿಯಿಂದ ಹೊರಗೆ ಹೋಗಬಹುದು.

ಮಿತಿಗೆ ಒಂದು ದೊಡ್ಡ ತೂತಿದೆ, ಅದನ್ನು ಮುಚ್ಚಿಡಬಾರದು. ಯುರೋಪಿನಲ್ಲಿ 30 ಕೊಡುವ ಕಂಪನಿಯೇ ಸೆಶೆಲ್ಸ್‌ನಲ್ಲೋ ವನುವಾಟುವಿನಲ್ಲೋ ಇನ್ನೊಂದು ಕಂಪನಿ ಇಟ್ಟುಕೊಂಡು ನಮಗೆ 500 ಕೊಡುತ್ತದೆ. ಹೆಸರು ಅದೇ, ಲೋಗೋ ಅದೇ. ನಿಮ್ಮ ಆ್ಯಪ್‌ನಲ್ಲಿ ಒಪ್ಪಂದದ ಪುಟ ತೆರೆಯಿರಿ. ಮೇಲಿನ ಹೊಳೆಯುವ ಭಾಗ ಬಿಡಿ, ಕಟ್ಟಕಡೆಯ ಸಣ್ಣ ಅಕ್ಷರಕ್ಕೆ ಇಳಿಯಿರಿ. ನೀವು ಒಪ್ಪಂದ ಮಾಡಿಕೊಂಡ ಕಂಪನಿಯ ಪೂರ್ತಿ ಹೆಸರು, ಅದು ನೋಂದಣಿಯಾದ ದೇಶ ಅಲ್ಲಿರುತ್ತದೆ. ಅದು ಸೇಂಟ್ ವಿನ್ಸೆಂಟ್ ದ್ವೀಪ ಆಗಿದ್ದರೆ ಇನ್ನೂ ಚೆಂದ. ಫಾರೆಕ್ಸ್ ವ್ಯವಹಾರಕ್ಕೆ ತಾವು ಲೈಸೆನ್ಸ್ ಕೊಡುವುದೇ ಇಲ್ಲ ಅಂತ ಅಲ್ಲಿನ ನಿಯಂತ್ರಕರೇ ಹೇಳಿದ್ದಾರೆ. ಜಾಹೀರಾತಿನಲ್ಲಿ ತೋರಿಸಿದ ಲಂಡನ್ ಲೈಸೆನ್ಸ್ ನಿಮ್ಮ ಖಾತೆಗೆ ಅನ್ವಯ ಆಗುವುದೇ ಇಲ್ಲ.

ಭಾರತದಲ್ಲಿ ಮಿತಿ ಎಷ್ಟು ಅಂತ ಕೇಳಿದ್ದೀರಿ. ಇಂಥ ಆ್ಯಪ್‌ಗಳಿಗೆ ಇಲ್ಲಿ ಮಿತಿಯ ಮಾತೇ ಬರುವುದಿಲ್ಲ, ಯಾಕೆಂದರೆ ಭಾರತದಲ್ಲಿ ಇರುವವರಿಗೆ ಅದಕ್ಕೆ ಅನುಮತಿಯೇ ಇಲ್ಲ. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆ ಪ್ರಕಾರ ವಿದೇಶಿ ಕರೆನ್ಸಿ ವ್ಯವಹಾರ ಅಧಿಕೃತ ಬ್ಯಾಂಕ್‌ಗಳ ಮೂಲಕ, ಅನುಮತಿ ಇರುವ ಉದ್ದೇಶಕ್ಕೆ ಮಾತ್ರ. ಆನ್‌ಲೈನ್ ಆದರೆ ರಿಸರ್ವ್ ಬ್ಯಾಂಕ್ ಒಪ್ಪಿದ ವೇದಿಕೆಯಲ್ಲಿ ಅಥವಾ ಎನ್‌ಎಸ್‌ಇ, ಬಿಎಸ್‌ಇಯಂಥ ಎಕ್ಸ್‌ಚೇಂಜ್‌ನಲ್ಲಿ ಮಾತ್ರ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರದೇಶಕ್ಕೆ ಕಳಿಸಬಹುದು ಅನ್ನುವ ಎಲ್‌ಆರ್‌ಎಸ್ ಯೋಜನೆ ಇದೆಯಲ್ಲ, ಅಂತ ಆ ಗುಂಪಿನಲ್ಲಿ ಹೇಳಿರುತ್ತಾರೆ. ಇದೆ. ಆದರೆ ಹೊರದೇಶದ ಬ್ರೋಕರ್‌ಗೆ ಮಾರ್ಜಿನ್ ಕಟ್ಟಲು ಅದನ್ನು ಬಳಸುವಂತಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಅನುಮತಿ ಇಲ್ಲದ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ 34 ಹೆಸರಿನಿಂದ ಶುರು ಮಾಡಿತು. ಆಮೇಲೆ ಅದು ಬೆಳೆಯುತ್ತಲೇ ಇದೆ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ, ಅದನ್ನೂ ಅಲ್ಲೇ ಹೇಳಿದ್ದಾರೆ. ತಪ್ಪಿಗೆ ದಂಡ ಮೊತ್ತದ ಮೂರು ಪಟ್ಟಿನ ತನಕ. ಕಾನೂನೇ ಕೊಡುವ ಲೆವರೇಜ್ ಅದೊಂದೇ ನೋಡಿ.

ಇಲ್ಲಿ ನನಗೂ ಒಂದು ತಕರಾರಿದೆ. ಎನ್‌ಎಸ್‌ಇಯಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್, ಅಂದರೆ ಮುಂದಿನ ತಾರೀಕಿನ ದರವನ್ನು ಇವತ್ತೇ ನಿಗದಿ ಮಾಡುವ ಒಪ್ಪಂದ, 2008ರ ಆಗಸ್ಟ್‌ನಿಂದ ಇದೆ. ಒಂದು ಲಾಟ್ 1,000 ಡಾಲರ್. ಮಾರ್ಜಿನ್ ಸಾಧಾರಣವಾಗಿ ಎರಡು-ಮೂರು ಪರ್ಸೆಂಟ್, ಅಂದರೆ ಲೆವರೇಜ್ 30ರಿಂದ 50 ಪಟ್ಟಿನ ನಡುವೆ. ಹೆಚ್ಚುಕಡಿಮೆ ಯುರೋಪ್, ಅಮೆರಿಕದಷ್ಟೇ! ಆದರೆ ಎದುರಿಗೆ ಆ್ಯಪ್ ಕಂಪನಿ ಇರುವುದಿಲ್ಲ. ಎರಡೂ ಕಡೆಯವರ ನಡುವೆ ನಿಂತು ಹಣ ಕೊಡಿಸುವ ಎಕ್ಸ್‌ಚೇಂಜ್‌ನ ಕ್ಲಿಯರಿಂಗ್ ಕಾರ್ಪೊರೇಶನ್ ಇರುತ್ತದೆ, ಪ್ರತಿದಿನ ಲೆಕ್ಕ ಚುಕ್ತಾ ಆಗುತ್ತದೆ. ಸಣ್ಣವರಿಗೆ ಇದೊಂದು ಒಳ್ಳೆಯ ಜಾಗವೇ ಆಗಿತ್ತು. 2024ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ತಂದಿತು, ಅದು ಆ ವರ್ಷದ ಮೇ 3ರಿಂದ ಜಾರಿಯಾಯಿತು. ರೂಪಾಯಿ ಇರುವ ಜೋಡಿಗಳಲ್ಲಿ ವ್ಯವಹರಿಸುವವರಿಗೆ ಡಾಲರ್ ಏರಿಳಿತದಿಂದ ನಿಜವಾಗಿ ಲಾಭ-ನಷ್ಟ ಆಗುವ ಬೇರೆ ವ್ಯವಹಾರ ಇರಲೇಬೇಕು. 10 ಕೋಟಿ ಡಾಲರ್ ತನಕ ದಾಖಲೆ ತೋರಿಸಬೇಕಾಗಿಲ್ಲ, ಆದರೆ ವ್ಯವಹಾರ ಇರಬೇಕು. ನಿಯಮ ಮೊದಲಿಂದಲೂ ಇದೇ, ಹೊಸದಲ್ಲ ಅನ್ನುವುದು ರಿಸರ್ವ್ ಬ್ಯಾಂಕಿನ ಮಾತು. ಏನೇ ಇರಲಿ, ಸಟ್ಟಾ ಆಡುತ್ತಿದ್ದವರೆಲ್ಲ ಹೊರಗೆ ಬಂದರು, ವಹಿವಾಟು ಧೊಪ್ಪನೆ ಬಿತ್ತು. ರೂಪಾಯಿಯ ಸ್ಥಿರತೆಯ ದೃಷ್ಟಿಯಿಂದ ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಹೊರಗೆ ಬಂದವರೆಲ್ಲ ಭಜನೆಗೆ ಕೂತಿಲ್ಲ ಮಾರಾಯ್ರೇ. 25-30 ಪಟ್ಟಿನ ಮಿತಿ, ಸಣ್ಣ ಲಾಟ್, ಎಷ್ಟು ಜನ ಸೋತರು ಅನ್ನುವ ಲೆಕ್ಕ, ಇಷ್ಟನ್ನು ಇಟ್ಟು ಎಕ್ಸ್‌ಚೇಂಜ್‌ನ ಬಾಗಿಲು ಸ್ವಲ್ಪ ತೆರೆದಿಡುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಎಕ್ಸ್‌ಚೇಂಜ್ ಅಂದರೆ ಸುರಕ್ಷಿತ ಅಂದುಕೊಳ್ಳಬೇಡಿ. ಷೇರು ಮಾರುಕಟ್ಟೆಯ ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ 2022ರಿಂದ 2024ರ ತನಕದ ಮೂರು ಹಣಕಾಸು ವರ್ಷಗಳಲ್ಲಿ 100ಕ್ಕೆ 93 ಜನ ನಷ್ಟದಲ್ಲಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಅಲ್ಲಿ ಮೋಸದ ಆ್ಯಪ್ ಯಾವುದೂ ಇರಲಿಲ್ಲ.

ದುಬೈ ಭಾವನ ವಿಷಯ. ಅವರು ಅಲ್ಲೇ ದುಡಿದು, ಅಲ್ಲಿನ ದುಡ್ಡಿನಲ್ಲಿ, ಅಲ್ಲಿನ ಕಾನೂನಿನಂತೆ ಏನು ಮಾಡಿದರೂ ಅದು ಅವರ ವಿಚಾರ. ಭಟ್ಕಳ, ಹೊನ್ನಾವರ ಕಡೆಯಿಂದ ಕೊಲ್ಲಿಗೆ ಹೋದವರಿಗೂ, ಹಡಗಿನ ಕೆಲಸದಲ್ಲಿದ್ದು ಅನಿವಾಸಿ ಅನಿಸಿಕೊಂಡವರಿಗೂ ಇದೇ ಮಾತು. ಆದರೆ ನಿಮ್ಮ ದುಡ್ಡು ಅವರ ಹೆಸರಲ್ಲಿ ಅಂದರೆ ಬೇಡ. ವ್ಯವಹಾರ ನಿಮ್ಮದು, ನೀವು ಇರುವುದು ಭಾರತದಲ್ಲಿ, ಫೆಮಾ ನಿಮಗೇ ಅನ್ವಯ. ನಾಳೆ ಲಾಭವೋ ನಷ್ಟವೋ ಆದಾಗ ಭಾವ-ಭಾವನೆಂಟರ ನಡುವೆ ಒಂದು ಕಾಗದವೂ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ 500 ಅಲ್ಲ, ತಿಂಗಳಿಗೆ ಬರುವ 2,000 ಡಾಲರ್. ಆ ಸುತ್ತೋಲೆ ಕೇಳುವ ನಿಜವಾದ ಡಾಲರ್ ವ್ಯವಹಾರ ನಿಮಗಿದೆ! ಆಫ್ರಿಕಾದಿಂದ ಕಚ್ಚಾ ಗೋಡಂಬಿ ತರಿಸುವ ಕುಮಟಾದ ಕಾರ್ಖಾನೆಯವರಿಗೆ ಡಾಲರ್ ಏರಿದರೆ ನಷ್ಟ, ನಿಮಗೆ ಇಳಿದರೆ ನಷ್ಟ. ಮುಂದಿನ ತಿಂಗಳುಗಳಲ್ಲಿ ರೂಪಾಯಿ ಬಲವಾಗಬಹುದು ಅನ್ನುವ ಚಿಂತೆ ಇದ್ದರೆ ನೀವು ಎನ್‌ಎಸ್‌ಇಯಲ್ಲಿ 2 ಲಾಟ್ ಡಾಲರ್ ಫ್ಯೂಚರ್ಸ್ ಮಾರಿ ದರ ಕಟ್ಟಿಹಾಕಬಹುದು. ಮೊತ್ತ ಬರಬೇಕಾದ ಡಾಲರನ್ನು ಮೀರಬಾರದು, ಅಷ್ಟೇ. ನಮ್ಮ ಬಡ್ಡಿ ಅಮೆರಿಕದ್ದಕ್ಕಿಂತ ಜಾಸ್ತಿ ಇದ್ದಾಗ ಮುಂದಿನ ತಿಂಗಳ ಡಾಲರ್ ದರ ಇಂದಿನದಕ್ಕಿಂತ ತುಸು ಮೇಲೇ ಇರುತ್ತದೆ, ಮಾರುವವರಿಗೆ ಅದು ಅನುಕೂಲ. ಆದರೂ ನಿಮ್ಮಂಥವರಿಗೆ ಇದರ ಅಗತ್ಯ ಕಡಿಮೆ. ಹಲವು ವರ್ಷಗಳ ಲೆಕ್ಕದಲ್ಲಿ ರೂಪಾಯಿ ಇಳಿಯುತ್ತಲೇ ಬಂದಿದೆ, ಡಾಲರ್ ಸಂಪಾದಿಸುವವರಿಗೆ ಅದು ಲಾಭವೇ.

ಅದಕ್ಕಿಂತ ಮೊದಲು ಡಾಲರ್ ಯಾವ ದರಕ್ಕೆ ರೂಪಾಯಿಯಾಗುತ್ತಿದೆ ಅಂತ ನೋಡಿ. ಕಳೆದ ತಿಂಗಳು ಹಣ ಬಂದ ದಿನದ ಮಾರುಕಟ್ಟೆ ದರವನ್ನು ನಿಮಗೆ ಸಿಕ್ಕ ದರದ ಪಕ್ಕ ಬರೆಯಿರಿ. ಕೆಲವು ಪಾವತಿ ಸೇವೆಗಳು ಶುಲ್ಕ ಇಲ್ಲ ಅನ್ನುತ್ತಾ ದರದಲ್ಲೇ ಒಂದೆರಡು ಪರ್ಸೆಂಟ್ ಉಳಿಸಿಕೊಳ್ಳುತ್ತವೆ. ಎರಡು ಪರ್ಸೆಂಟ್ ಅಂದರೆ ತಿಂಗಳಿಗೆ 40 ಡಾಲರ್, ವರ್ಷಕ್ಕೆ 480. ಆ್ಯಪ್‌ಗೆ ಹಾಕಿದ್ದಕ್ಕಿಂತ ಜಾಸ್ತಿಯಾಯಿತು. ಬ್ಯಾಂಕಿಗೆ ಹೋಗಿ ದರ ಕೇಳಿ. ಎಫ್‌ಎಕ್ಸ್-ರಿಟೇಲ್ ಅಂತ ಒಂದು ವೇದಿಕೆ 2019ರಿಂದ ಇದೆ, ಕ್ಲಿಯರಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ನಡೆಸುತ್ತದೆ. ಸಣ್ಣ ಗಿರಾಕಿಗಳೂ ಬ್ಯಾಂಕಿನ ಮೂಲಕ ಅಲ್ಲಿ ಮಾರುಕಟ್ಟೆಯ ದರಕ್ಕೆ ಹತ್ತಿರದಲ್ಲಿ ಡಾಲರ್ ಮಾರಬಹುದು. ಕೌಂಟರಿನಲ್ಲಿರುವವರಿಗೆ ಹೆಸರು ಗೊತ್ತಿಲ್ಲದೆ ಇರಬಹುದು, ವಿದೇಶಿ ವಿನಿಮಯ ನೋಡಿಕೊಳ್ಳುವ ಶಾಖೆಯಲ್ಲಿ ಕೇಳಿ.

ಕೊನೆಯದಾಗಿ ಆ 40 ಸಾವಿರ. ಹೊಸ ವ್ಯವಹಾರ ಹಿಡಿಯಬೇಡಿ. ಇದ್ದದ್ದನ್ನು ಮುಚ್ಚಿ, ಇವತ್ತೇ ಪೂರ್ತಿ ಮೊತ್ತ ಹಿಂತೆಗೆಯಲು ಅರ್ಜಿ ಹಾಕಿ. ಅದಕ್ಕೂ ಮುಂಚೆ ಒಪ್ಪಂದದ ಪುಟ, ಖಾತೆಯ ಬಾಕಿ, ಟೆಲಿಗ್ರಾಂ ಮಾತುಕತೆ, ದುಡ್ಡು ಹಾಕಿದ ಯುಪಿಐ ರಸೀದಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ), ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ರಸೀದಿಯಲ್ಲಿ ದುಡ್ಡು ಯಾರ ಹೆಸರಿಗೆ ಹೋಗಿದೆ ಅಂತ ಗಮನಿಸಿದ್ದೀರಾ? ಬಹಳ ಸಲ ಯಾವುದೋ ಊರಿನ ಬಟ್ಟೆ ಅಂಗಡಿಯೋ ಅಪರಿಚಿತ ವ್ಯಕ್ತಿಯೋ ಆಗಿರುತ್ತದೆ. ವಾಪಸ್ ಬರುವಾಗಲೂ ಅಂಥದ್ದೇ ಖಾತೆಯಿಂದ ಬರುತ್ತದೆ. ಆ ಖಾತೆಗೆ ಬೇರೆ ಯಾರದೋ ವಂಚನೆಯ ದುಡ್ಡು ಬಿದ್ದಿದ್ದರೆ, ಅದರ ಬಾಲ ಹಿಡಿದು ಬರುವ ಇನ್ನೊಂದು ರಾಜ್ಯದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಸಬಹುದು. ನಿಮ್ಮ ಅಮೆರಿಕದ ದುಡ್ಡು ಬರುವುದೂ ಅದೇ ಖಾತೆಗಾದರೆ ತಿಂಗಳ ಸಂಪಾದನೆಯೇ ನಿಲ್ಲುತ್ತದೆ. ಹಾಗೇನಾದರೂ ಆದರೆ ಬ್ಯಾಂಕಿಗೆ ತೋರಿಸಲು ಆ ಸ್ಕ್ರೀನ್‌ಶಾಟ್‌ಗಳೇ ಬೇಕಾಗುತ್ತವೆ.

ಹಣ ಬಿಡುಗಡೆಗೆ ಮೊದಲು ತೆರಿಗೆ ಕಟ್ಟಿ, ಪರಿಶೀಲನೆ ಶುಲ್ಕ ಕಟ್ಟಿ ಅಂತ ಕೇಳಿದರೆ ಒಂದು ರೂಪಾಯಿಯೂ ಹಾಕಬೇಡಿ. ಕಟ್ಟಿದರೆ ಇನ್ನೊಂದು ಶುಲ್ಕ ಬರುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಆ ದೂರಿನ ಸಂಖ್ಯೆ ಮತ್ತು ಯುಟಿಆರ್ ನಂಬರ್‌ಗಳನ್ನು ಹಿಡಿದು ಕಾರವಾರದ ಸಿಇಎನ್ (ಸೈಬರ್ ಅಪರಾಧ ನೋಡಿಕೊಳ್ಳುವ) ಪೊಲೀಸ್ ಠಾಣೆಗೆ ಹೋಗಿ. ಅಷ್ಟು ದೂರ ಆಗದಿದ್ದರೆ ಶಿರಸಿಯ ಠಾಣೆಯಲ್ಲೂ ಲಿಖಿತ ದೂರು ಕೊಡಬಹುದು. ನಿಮ್ಮ ಕುಮಟಾದ ಗೆಳೆಯನಿಗೂ ಫೋನ್ ಮಾಡಿ. ಅವನದು ನಿಮ್ಮದಕ್ಕಿಂತ ದೊಡ್ಡ ಮೊತ್ತ ಇದ್ದರೂ ಇರಬಹುದು.